ಕುಂಬಾರನ ಕೈಯಲ್ಲೇ ದೊಣ್ಣೆ: ಕಲಾವಿದ ತನ್ನ ಕೃತಿಯನ್ನು ತಾನೇ ಹಾಳುಮಾಡಬಹುದೇ?

ಪರ: ಸವೆಯುವ ಬ್ಲಾಕ್

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನುತ್ತೇವೆ. ದೊಣ್ಣೆ ಬೇರೆ ಯಾರದೋ ಕೈಯಲ್ಲಿದೆ ಅಂದುಕೊಂಡೇ ಈ ಗಾದೆ ಹುಟ್ಟಿದೆ. ಎಷ್ಟೋ ಸಲ ಅದು ಇರುವುದು ಕುಂಬಾರನ ಕೈಯಲ್ಲೇ. ತಿಗರಿಯ ಹಾಗೆ ಅದೂ ಅವನ ಸಲಕರಣೆಗಳಲ್ಲಿ ಒಂದು ಅನ್ನುವುದು ನನ್ನ ವಾದ.

ನಾನು ಲೈನೋಕಟ್ ಮಾಡುತ್ತೇನೆ, ಅಂದರೆ ಲಿನೋಲಿಯಂನ ಮೆತ್ತನೆಯ ಬ್ಲಾಕನ್ನು ಕೆತ್ತಿ, ಬಣ್ಣ ಸವರಿ, ಕಾಗದದ ಮೇಲೆ ಒತ್ತಿ ಚಿತ್ರ ತೆಗೆಯುತ್ತೇನೆ. ಅದರಲ್ಲಿ ‘ರಿಡಕ್ಷನ್’ ಅಂತ ಒಂದು ವಿಧಾನ ಇದೆ. 1950ರ ದಶಕದ ಕೊನೆಗೆ ಪಿಕಾಸೊ ಕೈಗೆತ್ತಿಕೊಂಡ ಮೇಲೆ ಅದು ತುಂಬಾ ಜನರಿಗೆ ಪರಿಚಯವಾಯಿತು. ಬಣ್ಣಕ್ಕೊಂದು ಬ್ಲಾಕ್ ಕೆತ್ತುವ ಬದಲು ಒಂದೇ ಬ್ಲಾಕಿನಲ್ಲಿ ಎಲ್ಲ ಬಣ್ಣ ತೆಗೆಯುವುದು. ಮೊದಲು ಬಿಳಿಯಾಗಿ ಉಳಿಯಬೇಕಾದ ಜಾಗವನ್ನು ಕೆತ್ತಿ, ತೆಳು ಬಣ್ಣ ಸವರಿ, ಎಲ್ಲ ಹಾಳೆಗಳ ಮೇಲೂ ಒತ್ತಬೇಕು. ಆ ತೆಳು ಬಣ್ಣ ಎಲ್ಲೆಲ್ಲಿ ಉಳಿಯಬೇಕೋ ಅಲ್ಲೆಲ್ಲ ಅದೇ ಬ್ಲಾಕನ್ನು ಮತ್ತೆ ಕೆತ್ತಬೇಕು. ಅದರ ಮೇಲೆ ಇನ್ನೂ ಗಾಢವಾದದ್ದು. ಕೊನೆಗೆ ಕಪ್ಪು ಒತ್ತುವ ಹೊತ್ತಿಗೆ ಬ್ಲಾಕಿನಲ್ಲಿ ನಾಲ್ಕು ಗೆರೆ ಉಳಿದಿದ್ದರೆ ಹೆಚ್ಚು. ಇಪ್ಪತ್ತು ಪ್ರತಿ ಬೇಕಿದ್ದರೆ ಮೊದಲ ದಿನವೇ ಇಪ್ಪತ್ತೈದು ಹಾಳೆ ಒತ್ತಿಕೊಂಡಿರಬೇಕು. ಬಣ್ಣ ಸರಿಯಾದ ಜಾಗಕ್ಕೆ ಕೂರದೆ ಕೆಲವು ಕೆಟ್ಟೇ ಕೆಡುತ್ತವೆ. ಆರು ತಿಂಗಳು ಬಿಟ್ಟು ಯಾರಾದರೂ ಬಂದು ‘ಇನ್ನೊಂದು ಪ್ರತಿ ಕೊಡಿ’ ಅಂದರೆ ಇಲ್ಲ. ಹಿಂದಿನ ಹಂತಗಳನ್ನೆಲ್ಲ ನಾನೇ ಕೆತ್ತಿ ಬಿಸಾಡಿರುತ್ತೇನೆ.

ಇದರಲ್ಲಿ ನಾಶ ಎಲ್ಲಿ ಮುಗಿಯಿತು, ಸೃಷ್ಟಿ ಎಲ್ಲಿ ಶುರುವಾಯಿತು? ನನಗಂತೂ ಗೊತ್ತಾಗುವುದಿಲ್ಲ. ಕಂಚಿನ ಎರಕದಲ್ಲೂ ಮೇಣದ ಮೂರ್ತಿ ಕರಗಿ ಹರಿದುಹೋದ ಖಾಲಿ ಜಾಗಕ್ಕೇ ಅಲ್ವಾ ಲೋಹ ಇಳಿಯುವುದು?

ಇದು ಬರೀ ತಂತ್ರದ ಮಾತು, ಮುಗಿದ ಕೃತಿಯ ಕಥೆಯೇ ಬೇರೆ ಅನ್ನಬಹುದು. ಸರಿ, ಮುಗಿದದ್ದನ್ನೇ ನೋಡೋಣ. 1908ರಲ್ಲಿ ಫ್ರಾನ್ಸಿನ ಚಿತ್ರಗಾರ ಕ್ಲಾದ್ ಮೋನೆ ತಮ್ಮ ನೈದಿಲೆ ಚಿತ್ರಗಳಲ್ಲಿ ಕನಿಷ್ಠ 15ನ್ನು ಹಾಳುಮಾಡಿದರು. ಪ್ಯಾರಿಸ್ಸಿನ ಪ್ರದರ್ಶನ ಮರುವರ್ಷಕ್ಕೆ ಹೋಯಿತು. 1909ರಲ್ಲಿ 48 ಚಿತ್ರಗಳು ಗೋಡೆಗೇರಿದವು. ಸಂಗೀತಗಾರ ಬ್ರಾಮ್ಸ್ ತಮ್ಮ ಮೊದಲ ಸ್ಟ್ರಿಂಗ್ ಕ್ವಾರ್ಟೆಟ್‌ಗಳನ್ನು (ನಾಲ್ಕು ತಂತಿವಾದ್ಯಗಳಿಗೆ ಬರೆದ ಕೃತಿಗಳನ್ನು) ಪ್ರಕಟಿಸಿದ್ದು 1873ರಲ್ಲಿ, 40ರ ವಯಸ್ಸಿನಲ್ಲಿ. ಅದಕ್ಕೂ ಮೊದಲು ಸುಮಾರು ಇಪ್ಪತ್ತನ್ನು ಬರೆದು ಇಲ್ಲವಾಗಿಸಿದ್ದರು ಎಂಬ ಮಾತಿದೆ.

ನನಗೆ ಇವರೆಲ್ಲರಿಗಿಂತ ಹತ್ತಿರದವರು ಅಮೆರಿಕದ ಚಿತ್ರಗಾರ್ತಿ ಲೀ ಕ್ರಾಸ್ನರ್. 1951ರ ಅವರ ಪ್ರದರ್ಶನದಲ್ಲಿ ಒಂದು ಚಿತ್ರವೂ ಮಾರಾಟವಾಗಲಿಲ್ಲ. ಆಮೇಲೆ ಕಪ್ಪು ಬಿಳುಪಿನ ರೇಖಾಚಿತ್ರಗಳನ್ನು ಮಾಡಿ ಸ್ಟುಡಿಯೋದ ಗೋಡೆ ತುಂಬಾ ಅಂಟಿಸಿದ್ದರು. ಒಂದು ದಿನ ಒಳಗೆ ಬಂದು ನೋಡಿದರೆ ಒಂದೂ ಸಹಿಸಲಾಗಲಿಲ್ಲ. ಎಲ್ಲವನ್ನೂ ಕಿತ್ತು, ಹರಿದು, ನೆಲಕ್ಕೆ ಎಸೆದು ಹೊರಟುಹೋದರು. ಕೆಲವು ವಾರ ಅತ್ತ ತಲೆ ಹಾಕಲಿಲ್ಲ. ಮತ್ತೆ ಬಾಗಿಲು ತೆರೆದಾಗ ನೆಲದ ಮೇಲಿನ ಚೂರುಗಳೇ ಚೆನ್ನಾಗಿ ಕಂಡವು. ಅವನ್ನೇ ಅಂಟಿಸುತ್ತಾ ಹೋದರು. 1951ರಲ್ಲಿ ಯಾರಿಗೂ ಬೇಡವಾಗಿದ್ದ ಕ್ಯಾನ್ವಾಸ್‌ಗಳೇ ಹೊಸ ಕೊಲಾಜ್‌ಗಳಿಗೆ ತಳವಾದವು. 1955ರಲ್ಲಿ ನ್ಯೂಯಾರ್ಕಿನಲ್ಲಿ ಅವುಗಳದೇ ಪ್ರದರ್ಶನ ನಡೆಯಿತು. ಆ ಹಾಳೆಗಳು ಗೋಡೆಯ ಮೇಲೆ ಭದ್ರವಾಗಿ ಕೂತಿದ್ದರೆ ಈ ಕೊಲಾಜ್‌ಗಳು ಎಲ್ಲಿಂದ ಬರಬೇಕಿತ್ತು?

ವಿರೋಧ: ಗುಡಿಸದ ನೆಲ

ಲೈನೋ ಬ್ಲಾಕಿನ ವಿವರಣೆ ಚೆನ್ನಾಗಿದೆ. ಆದರೆ ಅದನ್ನು ನಾಶ ಅಂತ ಕರೆದರೆ ಪೆನ್ಸಿಲ್ ಚೂಪು ಮಾಡುವುದೂ ನಾಶವೇ ಆಗುತ್ತದೆ. ಬ್ಲಾಕ್ ಇರುವುದೇ ಸವೆಯಲಿಕ್ಕೆ, ಮೇಣ ಇರುವುದೇ ಕರಗಲಿಕ್ಕೆ. ಪ್ರಶ್ನೆ ಇರುವುದು ಮುಗಿದ ಚಿತ್ರವನ್ನು, ಬರೆದ ಪುಟವನ್ನು ಬೆಂಕಿಗೆ ಹಾಕುವ ಬಗ್ಗೆ. ಅಲ್ಲಿ ನನ್ನ ತಕರಾರು ಒಂದೇ: ಬೆಂಕಿಕಡ್ಡಿ ಗೀರುವ ಹೊತ್ತಿನಲ್ಲಿ ಕಲಾವಿದನಷ್ಟು ಕೆಟ್ಟ ತೀರ್ಪುಗಾರ ಇನ್ನೊಬ್ಬನಿಲ್ಲ.

ರಷ್ಯಾದ ಲೇಖಕ ಗೊಗೊಲ್ ತಮ್ಮ ದೊಡ್ಡ ಕಾದಂಬರಿ ‘ಡೆಡ್ ಸೋಲ್ಸ್’ನ ಎರಡನೇ ಭಾಗವನ್ನು ಒಮ್ಮೆ 1845ರಲ್ಲೇ ಸುಟ್ಟಿದ್ದರು. ಮತ್ತೆ ಬರೆದರು. ಇಷ್ಟಕ್ಕೇ ಕಥೆ ನಿಂತಿದ್ದರೆ ಪರ ವಾದಿಗಳಿಗೆ ಒಳ್ಳೆಯ ಉದಾಹರಣೆ ಸಿಗುತ್ತಿತ್ತು. ಆದರೆ 1852ರ ಫೆಬ್ರುವರಿಯ ಒಂದು ರಾತ್ರಿ ಮತ್ತೆ ಸುಟ್ಟರು. ಊಟ ಬಿಟ್ಟಿದ್ದರು, ಮೈ ಮನಸ್ಸು ಎರಡೂ ಕುಸಿದಿದ್ದವು. ಹತ್ತೇ ದಿನದಲ್ಲಿ ತೀರಿಕೊಂಡರು. ಎರಡು ಸಲವೂ ಕೈ ಅದೇ, ಒಲೆಗೆ ಬಿದ್ದದ್ದೂ ಅದೇ ಪುಸ್ತಕ. ಮೊದಲನೆಯದು ಸೃಷ್ಟಿ, ಎರಡನೆಯದು ಕಾಯಿಲೆ ಅಂತ ಆ ರಾತ್ರಿಯೇ ಹೇಳಬಲ್ಲವರು ಯಾರು?

ಫಿನ್ಲೆಂಡಿನ ಸಂಗೀತಗಾರ ಸಿಬೇಲಿಯಸ್ ಅವರದು ಇನ್ನೂ ಕಷ್ಟದ ಪ್ರಸಂಗ. 1940ರ ದಶಕದಲ್ಲಿ ಅವರು ಹಸ್ತಪ್ರತಿಗಳನ್ನು ಬುಟ್ಟಿಯಲ್ಲಿ ತುಂಬಿ ತಂದು ಮನೆಯ ಬೆಂಕಿಗೂಡಿಗೆ ಹಾಕಿದರು. ಜನ ವರ್ಷಗಟ್ಟಲೆ ಕಾದಿದ್ದ ಅವರ ಎಂಟನೇ ಸಿಂಫನಿಯೂ (ಇಡೀ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ) ಅದರಲ್ಲೇ ಹೋಯಿತು ಅಂತ ನಂಬಲಾಗಿದೆ. ಆಮೇಲೆ ಗಂಡನ ಮನಸ್ಸು ಹಗುರವಾಯಿತು ಅಂತ ಹೆಂಡತಿ ಹೇಳಿದ್ದಾರೆ. ಅನುಮಾನವೇ ಇಲ್ಲ, ಆಗಿರುತ್ತದೆ. ಆದರೆ 1957ರಲ್ಲಿ ತೀರಿಕೊಳ್ಳುವವರೆಗೂ ಅವರಿಂದ ಮತ್ತೊಂದು ದೊಡ್ಡ ಕೃತಿ ಬರಲಿಲ್ಲ. ನೆಮ್ಮದಿ ಸಿಕ್ಕಿತು, ಸಂಗೀತ ಸಿಗಲಿಲ್ಲ. ಆ ನೆಮ್ಮದಿಯನ್ನು ನಾನು ಆಡಿಕೊಳ್ಳುವುದಿಲ್ಲ. ಅದನ್ನು ಸೃಷ್ಟಿಯ ಲೆಕ್ಕಕ್ಕೆ ಬರೆಯಬೇಡಿ ಅಂತಷ್ಟೇ ಹೇಳುತ್ತೇನೆ.

ಇನ್ನೊಂದು ಮೋಸವೂ ಇದೆ. ಮೋನೆ, ಬ್ರಾಮ್ಸ್ ಅಂತ ನಾವು ಹೆಸರು ಹೇಳುವುದು ಸುಟ್ಟ ಮೇಲೂ ಗೆದ್ದವರದು. ಎಲ್ಲವನ್ನೂ ಸುಟ್ಟು ಸುಮ್ನೆ ಕೂತವರ ಹೆಸರು ಯಾರಿಗೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಜರ್ಮನ್ ಭಾಷೆಯ ಲೇಖಕ ಕಾಫ್ಕಾ ತಮ್ಮ ಹಸ್ತಪ್ರತಿಗಳನ್ನು ಸುಟ್ಟುಬಿಡಲು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟಿದ್ದರು. 1924ರಲ್ಲಿ ಕಾಫ್ಕಾ ತೀರಿಕೊಂಡರು. ಬ್ರಾಡ್ ಮಾತು ಕೇಳದೆ 1925ರಿಂದ ವರ್ಷಕ್ಕೊಂದರಂತೆ ಮೂರು ಕಾದಂಬರಿ ಅಚ್ಚು ಹಾಕಿಸಿದರು. ಗೆಳೆಯನಿಗೆ ಮಾಡಿದ ಆ ದ್ರೋಹಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಹರಾಜಿನಲ್ಲಿ ನಡೆಯುವ ನಾಶದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2018ರಲ್ಲಿ ಲಂಡನ್ನಿನಲ್ಲಿ ಬೀದಿ ಗೋಡೆಗಳ ಕಲಾವಿದ ಬ್ಯಾಂಕ್ಸಿಯ ಚಿತ್ರವೊಂದು 10 ಲಕ್ಷ ಪೌಂಡಿಗೆ ತುಸು ಮೇಲೆ ಮಾರಾಟವಾದ ಕೂಡಲೇ, ಚೌಕಟ್ಟಿನೊಳಗೆ ಕಲಾವಿದನೇ ಅಡಗಿಸಿಟ್ಟಿದ್ದ ಯಂತ್ರ ಅದನ್ನು ಅರ್ಧ ಸೀಳಿತು. ಮೂರು ವರ್ಷದ ನಂತರ ಅದೇ ಸೀಳಿದ ಚಿತ್ರ 1.85 ಕೋಟಿ ಪೌಂಡಿಗೆ ಹೋಯಿತು. ಇದರಲ್ಲಿ ಯಾರು ಏನು ಕಳೆದುಕೊಂಡರು, ಹೇಳಿ?

ಇನ್ನು ಕ್ರಾಸ್ನರ್. ಪರ ವಾದಿಗಳು ಹರಿದದ್ದನ್ನು ನೋಡಿದರು. ನಾನು ಆಮೇಲಿನ ವಾರಗಳನ್ನು ನೋಡುತ್ತೇನೆ. ಅವರು ಬಾಗಿಲು ಹಾಕಿಕೊಂಡು ಹೋದರು, ಚೂರುಗಳು ಬಿದ್ದಲ್ಲೇ ಬಿದ್ದಿದ್ದವು. ಅವತ್ತು ಪಕ್ಕದಲ್ಲಿ ಒಂದು ಒಲೆ ಉರಿಯುತ್ತಿದ್ದರೆ ಕೊಲಾಜ್ ಇರಲಿ, ಒಂದು ಚೂರೂ ಉಳಿಯುತ್ತಿರಲಿಲ್ಲ.

ನಾನೂ ಬರೆಯುವವನೇ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಎರಡು ನೋಟ್‌ಬುಕ್ ಸುಟ್ಟಿದ್ದೇನೆ. ಅವು ಚೆನ್ನಾಗಿದ್ದವೋ ಇಲ್ಲವೋ ಅಂತ ಈಗ ನೋಡೋಣ ಅಂದರೂ ಆಗುವುದಿಲ್ಲ. ಅದಕ್ಕೇ ಮೇಜಿನ ಕೆಳಗೆ ಒಂದು ಟ್ರಂಕ್ ಇಟ್ಟಿದ್ದೇನೆ. ಸುಡಬೇಕು ಅನ್ನಿಸಿದ್ದೆಲ್ಲ ಅದರೊಳಕ್ಕೆ. ಒಂದು ವರ್ಷ ಮುಟ್ಟುವುದಿಲ್ಲ. ಕಳೆದ ಸಲ ತೆಗೆದಾಗ ಮೂವತ್ತು ಹಾಳೆ ಇದ್ದವು. ಇಪ್ಪತ್ತೇಳನ್ನು ಹರಿದೆ, ಸಂತೋಷವಾಗಿಯೇ ಹರಿದೆ. ಉಳಿಸಿಕೊಂಡ ಮೂರರಲ್ಲಿ ಒಂದು, ಒಳಗೆ ಹಾಕುವಾಗ ಎಲ್ಲಕ್ಕಿಂತ ಕೆಟ್ಟದ್ದು ಅನ್ನಿಸಿದ್ದದ್ದು.