ಗಂಡ-ಹೆಂಡಿರ ಮಾತಿಗೆ ರೆಕಾರ್ಡಿಂಗ್ ಬೇಕೆ?

ಪರ: ಆಡಿದ ಮಾತಿಗೆ ಆಧಾರವಿರಲಿ

"ನಾನು ಹಾಗೆ ಹೇಳಲೇ ಇಲ್ಲ, ನಿನಗೆ ಭ್ರಮೆ." ವರ್ಷಗಟ್ಟಲೆ ಇದನ್ನು ಕೇಳಿದವಳಿಗೆ ಕೊನೆಕೊನೆಗೆ ತನ್ನ ತಲೆಯ ಮೇಲೆಯೇ ಅನುಮಾನ ಶುರುವಾಗುತ್ತದೆ. ನಮ್ಮ ಚಿಕ್ಕಮ್ಮ, ಗಂಡ ಕೊಟ್ಟ ಮಾತುಗಳನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ, ಆಯಾ ತಾರೀಖಿನ ಚೌಕದೊಳಗೆ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಒಮ್ಮೆ ಅದನ್ನು ಮುಂದಿಟ್ಟರೆ ಚಿಕ್ಕಪ್ಪ, "ಬರೆದವಳು ನೀನೇ ತಾನೆ?" ಎಂದುಬಿಟ್ಟರು. ಧ್ವನಿಯೇ ಇದ್ದಿದ್ದರೆ ಹಾಗೆ ಜಾರಿಕೊಳ್ಳಲು ಆಗುತ್ತಿರಲಿಲ್ಲ.

ಚಿಕ್ಕಪ್ಪ ಸುಳ್ಳೇ ಹೇಳಿದರು ಎನ್ನಲಾರೆ. ನೆನಪು ತಾನಾಗಿಯೇ ಕತೆ ಕಟ್ಟುತ್ತದೆ. 1974ರಲ್ಲಿ ಮನೋವಿಜ್ಞಾನದ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದಷ್ಟು ಜನರಿಗೆ ಕಾರು ಅಪಘಾತದ ಚಲನಚಿತ್ರ ತೋರಿಸಿ, ವೇಗ ಎಷ್ಟಿತ್ತೆಂದು ಕೇಳಿದರು. ಪ್ರಶ್ನೆಯಲ್ಲಿ ಕೆಲವರಿಗೆ 'ಗುದ್ದಿದಾಗ' ಎಂಬ ಪದ, ಕೆಲವರಿಗೆ 'ಅಪ್ಪಳಿಸಿದಾಗ'. ವಾರದ ಬಳಿಕ ಒಡೆದ ಗಾಜು ಕಂಡಿತ್ತೇ ಎಂದು ವಿಚಾರಿಸಿದರೆ ಮೊದಲ ಗುಂಪಿನ 50 ಜನರಲ್ಲಿ 7, ಎರಡನೆಯ ಗುಂಪಿನ 50ರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಗಾಜು ಒಡೆದಿರಲೇ ಇಲ್ಲ. ಒಂದು ಪದದಿಂದ ಇಷ್ಟಾದರೆ, ರಾತ್ರಿಯಿಡೀ ಜಗಳವಾಡಿ ಮಲಗಿದವರ ನೆನಪನ್ನು ಯಾವ ಧೈರ್ಯದಿಂದ ನಂಬುವುದು?

ಹೆಂಡತಿಯೊಂದಿಗಿನ ಫೋನ್ ಮಾತುಗಳನ್ನು ಗಂಡ ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ವಿಚ್ಛೇದನ ಪ್ರಕರಣದಲ್ಲಿ ಅವು ಸಾಕ್ಷ್ಯವಾಗಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಗುಟ್ಟಾಗಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಇಬ್ಬರ ಒಪ್ಪಿಗೆಯಿಂದಲೇ ನಡೆಯಲಿ.

ವಿರೋಧ: ಸಂಶಯಕ್ಕೆ ಹೊಟ್ಟೆ ತುಂಬುವುದಿಲ್ಲ

ಆ ತೀರ್ಪನ್ನು ಇನ್ನೂ ಸ್ವಲ್ಪ ಓದಬೇಕಿತ್ತು. ದಂಪತಿ ಒಬ್ಬರ ಮೇಲೊಬ್ಬರು ಬೇಹುಗಾರಿಕೆ ನಡೆಸುವ ಹಂತ ತಲುಪಿದ್ದರೆ ಅದೇ ಸಂಬಂಧ ಮುರಿದಿರುವ ಲಕ್ಷಣ ಎಂದದ್ದೂ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಆ ಪೀಠವೇ. ಕೋರ್ಟಿಗೆ ಬೇಕಾದದ್ದು ಮನೆಗೂ ಬೇಕೆನ್ನುವುದು ಯಾವ ಲೆಕ್ಕ?

ನನ್ನದೇ ನಾಚಿಕೆಗೇಡಿನ ಕತೆ ಹೇಳುತ್ತೇನೆ. ಹೆಂಡತಿಯ ಹಳೆಯ ಮೊಬೈಲ್ ಕರೆಗಳನ್ನೆಲ್ಲ ತಾನಾಗಿ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಒಪ್ಪಿಗೆಗೇನೂ ಕೊರತೆ ಇರಲಿಲ್ಲ. ಮಗಳಿಗೆ ಕೊಡಲೆಂದು ಅದನ್ನು ಖಾಲಿ ಮಾಡುತ್ತಿದ್ದಾಗ ಅವಳ ಸಹೋದ್ಯೋಗಿಯ ಹೆಸರಿನ ಫೈಲೊಂದು ಕಣ್ಣಿಗೆ ಬಿತ್ತು. ಆರು ನಿಮಿಷ. ಸಂಬಳದ ಬಾಕಿ, ರಜೆಯ ಅರ್ಜಿ, ಅವನ ತಾಯಿಯ ಕಣ್ಣಿನ ಆಪರೇಷನ್. ನಾಲ್ಕನೆಯ ನಿಮಿಷದಲ್ಲಿ ಅವಳು ನಕ್ಕಳು. ಅಷ್ಟೇ. ನನ್ನೊಡನೆ ಹಾಗೆ ನಕ್ಕು ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕುತ್ತ, ಆ ನಗುವನ್ನು ಹಿಂದಕ್ಕೆ ಓಡಿಸಿ ಓಡಿಸಿ ಕೇಳಿದೆ. ಪ್ರತಿ ಸಲವೂ ಅದು ಸ್ವಲ್ಪ ಉದ್ದವಾಗುತ್ತಿತ್ತು. ರಾತ್ರಿ ಊಟಕ್ಕೆ ಕುಳಿತಾಗ ಕೇಳಿಯೂ ಬಿಟ್ಟೆ. "ಎರಡು ವರ್ಷದ ಹಿಂದಿನದು. ಯಾಕೆ ನಕ್ಕೆನೋ, ಯಾರಿಗೆ ನೆನಪಿದೆ?" ಎನ್ನುತ್ತ ಸಾರು ಬಡಿಸಿದಳು. ನಿಜವನ್ನೇ ಹೇಳಿದ್ದಳು. ನಾನು ನಂಬಲಿಲ್ಲ.

ಈಗ ಕ್ಯಾಮೆರಾ ಇರುವ ಕನ್ನಡಕಗಳೂ ಮಾರುಕಟ್ಟೆಗೆ ಬಂದಿವೆ. ಅಂದು ನನ್ನ ಕೈಯಲ್ಲಿದ್ದದ್ದು ಬರಿಯ ಧ್ವನಿ. ಅವಳ ಮುಖವೂ ಇದ್ದಿದ್ದರೆ ಬೆಳಗಿನವರೆಗೂ ನೋಡುತ್ತ ಕುಳಿತಿರುತ್ತಿದ್ದೆ.