ಮುಧೋಳ ನಾಯಿಯನ್ನು ಸರಪಳಿಗೆ ಕಟ್ಟಬೇಡಿ

ನಾನು ಮುಧೋಳದ ಕಡೆಯವನು, ಸೊಲ್ಲಾಪುರಕ್ಕೆ ಬಂದು 14 ವರ್ಷವಾಯಿತು. ನಾವು ಮುಧೋಳ ನಾಯಿ ಅನ್ನುವುದನ್ನು ಇಲ್ಲಿ ಕಾರವಾನಿ ಅನ್ನುತ್ತಾರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲೂ ಕಾರವಾನ್ ಹೌಂಡ್ ಅಂತಲೇ ಇದೆ. ಹೆಸರಿನ ಬಗ್ಗೆ ನನ್ನ ತಕರಾರಿಲ್ಲ. ಬೇಜಾರಾಗುವುದು ಪೇಟೆಯಲ್ಲಿ ಅದನ್ನು ಸಾಕುವ ರೀತಿ ನೋಡಿದಾಗ.

ನಮ್ಮ ಓಣಿಯಲ್ಲೊಬ್ಬರು ಮೊದಲು ಲ್ಯಾಬ್ರಡಾರ್ ಸಾಕಿದ್ದರು. ಹಾಲಿನವನಿಗೂ ಬಾಲ ಆಡಿಸುತ್ತಿತ್ತು, ಬಿಸ್ಕತ್ತು ಕೊಟ್ಟವರ ಹಿಂದೆಯೇ ಹೋಗುತ್ತಿತ್ತು. ಹೊಡೆದ ಹಕ್ಕಿಯನ್ನು ಜಜ್ಜದೆ ಬಾಯಲ್ಲಿ ಹಿಡಿದು ತರಲಿ ಅಂತ ಬೆಳೆಸಿದ ತಳಿ ಅದು, ಮನುಷ್ಯನ ಮಾತು ಕೇಳುವುದೇ ಅದಕ್ಕೆ ಖುಷಿ. ಅದು ಸತ್ತ ಮೇಲೆ ಕಾರವಾನಿ ಮರಿ ತಂದು ಗೇಟಿನ ಪಕ್ಕ ಸರಪಳಿ ಹಾಕಿದರು. ವರ್ಷ ತುಂಬುವುದರೊಳಗೆ ದೂರು ಶುರು: ಕರೆದರೆ ಬರಲ್ಲ, ಹೊಸಬರಿಗೆ ಹೆದರುತ್ತೆ, ಎಷ್ಟು ಹಾಕಿದರೂ ಪಕ್ಕೆಲುಬು ಕಾಣುತ್ತೆ.

ಪಕ್ಕೆಲುಬು ಕಾಣುವುದು ಅದರ ಮೈಕಟ್ಟು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದದ್ದೂ ಇದೇ ನಾಯಿ ಅಲ್ವಾ! ಇದು ಕಣ್ಣಲ್ಲಿ ನೋಡಿ ಅಟ್ಟಿಸಿಕೊಂಡು ಹೋಗುವ ತಳಿ. ಓಡುವಾಗ ಎಲ್ಲಿ ತಿರುಗಬೇಕು ಅಂತ ತಾನೇ ತೀರ್ಮಾನಿಸಬೇಕು, ಹಿಂದಿನಿಂದ ಯಜಮಾನ ಏನು ಕೂಗಿದ ಅಂತ ನಿಂತು ಕೇಳಿದರೆ ಬೇಟೆ ಕೈ ತಪ್ಪುತ್ತದೆ. ಅದಕ್ಕೇ ಸ್ವಲ್ಪ ಸ್ವತಂತ್ರ ಸ್ವಭಾವ. ಹೊಸಬರು ಮೈ ಮುಟ್ಟಿದರೆ ಹಿಂದೆ ಸರಿಯುತ್ತದೆ, ಗದರಿದರೆ ಮುದುಡಿಕೊಳ್ಳುತ್ತದೆ.

ನಮ್ಮ ಕಾಕಾನ ನಾಯಿ ಹಗಲೆಲ್ಲ ಬೇವಿನ ಮರದ ಕೆಳಗೆ ಸುಮ್ನೆ ಬಿದ್ದಿರುತ್ತಿತ್ತು. ದೂರದ ಬದುವಿನಲ್ಲಿ ಏನಾದರೂ ಅಲುಗಿದರೆ ಮೊದಲು ಕುತ್ತಿಗೆ ಏಳುತ್ತಿತ್ತು, ಮುಂಗಾಲೊಂದು ಸಣ್ಣಗೆ ನಡುಗುತ್ತಿತ್ತು, ಆಮೇಲೆ ನಮಗೆ ಕಾಣುತ್ತಿದ್ದುದು ಬರೀ ಧೂಳು. ನಾನೊಮ್ಮೆ ಕೋಲೆತ್ತಿದ್ದಕ್ಕೆ ಕಾಕಾ ಕೈ ಹಿಡಿದಿದ್ದ. "ಹೊಡೀಬ್ಯಾಡ ತಮ್ಮಾ, ಇದು ಮನಸ್ಸಿಗೆ ಹಚ್ಕೋತದ."

ಇಲ್ಲೂ ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪೇಟೆಯವರು ಮಾತ್ರ ನಾಯಿ ಅಂದರೆ ಎಲ್ಲಾ ಒಂದೇ ಅಂದುಕೊಳ್ಳುತ್ತಾರೆ. 40 ಡಿಗ್ರಿ ದಾಟುವ ಊರಿಗೆ ದಪ್ಪ ತುಪ್ಪಳದ ಹಸ್ಕಿಯನ್ನೂ ತರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಈಗ ಬೆಳಿಗ್ಗೆ ಐದೂವರೆಗೆ ಆ ಓಣಿಯವರ ನಾಯಿಯನ್ನು ನಾನೇ ಕಾಂಪೌಂಡ್ ಇರುವ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿ ಬಿಡುತ್ತೇನೆ. ಹತ್ತು ನಿಮಿಷ ಓಡಿದರೆ ಸಾಕು, ದಿನವಿಡೀ ಶಾಂತ. ಮೂರು ವಾರವಾದ ಮೇಲೆ, ಮೊನ್ನೆ, ಮೊದಲ ಸಲ ತಾನಾಗಿಯೇ ಬಂದು ಉದ್ದ ಮೂತಿಯನ್ನು ನನ್ನ ಅಂಗೈಗೆ ಒತ್ತಿತು.