ದೊಡ್ಡಮ್ಮನಿಗೆ ಕೊಟ್ಟ ಚೀಟಿ

2019ರ ಜನವರಿ. ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆಗೆ ಜನ ಸಾಯುತ್ತಿದ್ದ ದಿನಗಳು. ನಮ್ಮೂರಲ್ಲೂ ಭಯ ಇತ್ತು. ಕೊಟ್ಟಿಗೆಗೆ ದರಗು, ಅಂದರೆ ಒಣಗಿದ ಎಲೆ, ತರಲು ಬೆಟ್ಟಕ್ಕೆ ಹೋಗಿ ಬಂದ ದೊಡ್ಡಪ್ಪನಿಗೆ ಜ್ವರ ಹಿಡಿಯಿತು. ತಲೆ ಸಿಡಿಯುವ ನೋವು, ಎದ್ದು ಕೂರಲೂ ಆಗದ ಸುಸ್ತು. ಆಸ್ಪತ್ರೆಗೆ ಸೇರಿಸಿದೆವು. ಹತ್ತು ದಿನಕ್ಕೆ ಜ್ವರ ಬಿಟ್ಟಿತು, ಮನೆಗೆ ಕಳಿಸಿದರು.

ಅವತ್ತು ಸಂಜೆ ನೋಡಲು ಹೋದೆ. ದೊಡ್ಡಮ್ಮ ರೇಷನ್ ಕಾರ್ಡಿನ ಜೊತೆ ಕವರಿನಲ್ಲಿ ಜೋಪಾನ ಮಾಡಿದ್ದ ಕಾಗದ ತೆಗೆದು ಕೊಟ್ಟರು. "ಅಪ್ಪಿ, ಇದ್ರಲ್ಲಿ ಏನ್ ಬರ್ದಿದಾರೆ ನೋಡು. ಮಾತ್ರೆದಿರ್ಬೇಕು." ಮಾತ್ರೆ ವಿಷಯ ಇತ್ತು. ಅದರ ಕೆಳಗೆ ಇನ್ನೊಂದು ಸಾಲೂ ಇತ್ತು. ಮತ್ತೆ ಜ್ವರ ಬಂದರೆ, ತಲೆನೋವು ಜಾಸ್ತಿಯಾದರೆ, ಮಾತು ತೊದಲಿದರೆ ಕೂಡಲೇ ಕರೆದುಕೊಂಡು ಬನ್ನಿ ಅಂತ. ಪೂರ್ತಿ ಇಂಗ್ಲಿಷಿನಲ್ಲಿ.

ಈ ಕಾಯಿಲೆ ಕಂಡವರಿಗೆ ಆ ಸಾಲಿನ ಬೆಲೆ ಗೊತ್ತು. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಬರುತ್ತದೆ. ಆ ಸಲ ಮಿದುಳಿಗೇ ತೊಂದರೆ ಆಗಬಹುದು. ದೊಡ್ಡಪ್ಪನಿಗೂ ಒಂಬತ್ತನೇ ದಿನ ಮೈ ಕಾವೇರಿತು. ಚೀಟಿ ಓದಿಕೊಂಡಿದ್ದೆವಲ್ಲ, ರಾತ್ರಿಯೇ ಜೀಪ್ ಮಾಡಿಕೊಂಡು ಹೋದೆವು. ಉಳಿದುಕೊಂಡರು. ಓದಿ ಹೇಳುವವರು ಯಾರೂ ಇಲ್ಲದಿದ್ದರೆ ಏನಾಗುತ್ತಿತ್ತು? ಆ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಇದು ಎಲ್ಲಿಂದಲೋ ಬಂದ ಕಾಯಿಲೆ ಅಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರೂ ಅಮೆರಿಕದ ವಿಜ್ಞಾನಿಗಳೂ ಬಂದು ವೈರಸ್ ಕಂಡುಹಿಡಿದರು. ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ ಉಣುಗು, ಅದು ಕಚ್ಚಿ ಹರಡುತ್ತದೆ ಅಂತ ತೋರಿಸಿದರು. ಇವತ್ತು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರಿದೆ. ಅಡಿಕೆಯ ಕೊಳೆರೋಗದ ಕತೆಯೂ ಹೀಗೇ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲೇ ಅದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದರು. ರೋಗದ ಹೆಸರನ್ನು ಮಾತ್ರ ನಮ್ಮ ರೈತರು ಕರೆದ ಹಾಗೇ ಕೊಳೆರೋಗ ಅಂತ ಇಟ್ಟರು.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಬ್ರಿಟಿಷರ ಆಳ್ವಿಕೆ ಅದನ್ನು ದೇಶದೇಶಕ್ಕೆ ಒಯ್ದಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ದುಡ್ಡು, ವಿಜ್ಞಾನ ಅದನ್ನು ಗಟ್ಟಿ ಮಾಡಿತು. ಪುಣೆಯವರೂ ಜಪಾನಿನವರೂ ಒಂದೇ ವೈರಸ್ ಬಗ್ಗೆ ಮಾತಾಡಬೇಕಾದರೆ ಒಂದು ಭಾಷೆ ಬೇಕು. ಅದರ ಲಾಭ ನಮಗೂ ಆಗಿದೆ.

ನನ್ನ ಸಂಕಟ ಬೇರೆ. ನಮ್ಮ ರಕ್ತ, ನಮ್ಮ ಕಾಡಿನ ಉಣುಗು, ನಮ್ಮ ತೋಟದ ಕೊಳೆತ ಕಾಯಿ ಎಲ್ಲ ಇಂಗ್ಲಿಷಿಗೆ ಹೋಗುತ್ತವೆ. ಅಲ್ಲಿ ತಿಳಿದುಕೊಂಡದ್ದು ನಮ್ಮ ಮಾತಿಗೆ ವಾಪಸ್ ಬರುವುದಿಲ್ಲ. ಹೋಗುವ ಬಸ್ಸಿದೆ, ಬರುವ ಬಸ್ಸಿಲ್ಲ. ಬೆಟ್ಟಕ್ಕೆ ಹೋಗುವವರು ಉಣುಗು ಕಚ್ಚದಿರಲಿ ಅಂತ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಬಾಟಲಿಯ ಮೇಲೂ ಕನ್ನಡ ಬೇಕು ಅಂತ ಕೇಳುವುದು ಅತಿಯಾಸೆಯಾ?

ಮಕ್ಕಳು ಇಂಗ್ಲಿಷ್ ಕಲಿತರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ನನ್ನ ಮಗಳೂ ಇಂಗ್ಲಿಷ್ ಮೀಡಿಯಂ. ಯಾವ ಮಾಧ್ಯಮ ಅನ್ನುವುದು ಅಪ್ಪ ಅಮ್ಮನ ಆಯ್ಕೆ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ, ಆ ಜಗಳ ಇಲ್ಲಿ ಬೇಡ. ಆದರೆ ಅವಳಿಗೆ ಟಿಕ್ ಗೊತ್ತು, ಉಣುಗು ಗೊತ್ತಿಲ್ಲ. ದೊಡ್ಡಮ್ಮನಿಗೆ ಉಣುಗು ಗೊತ್ತು, ಟಿಕ್ ಗೊತ್ತಿಲ್ಲ. ನಾಳೆ ಅವಳೇ ಡಾಕ್ಟರಾದರೂ ಇವರಿಬ್ಬರ ನಡುವೆ ಮಾತು ಹೇಗೆ ಸಾಗಬೇಕು ಹೇಳಿ?

ಆ ವರ್ಷ ಚೀಟಿಯ ವಿಷಯವನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ದೊಡ್ಡಮ್ಮನ ಜಗಲಿ ಗೋಡೆಗೆ ಅಂಟಿಸಿದೆ. ಅಕ್ಕಪಕ್ಕದವರು ಬಂದು ಓದಿದರು, ಕೆಲವರು ಫೋಟೋ ತೆಗೆದುಕೊಂಡರು. ಇದನ್ನು ಓದುತ್ತಿರುವ ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರು ಯಾರಾದರೂ ಇದ್ದರೆ ನಿಮ್ಮಲ್ಲಿ ಕೊಡುವ ಚೀಟಿ ಕಳಿಸಿ. ಕನ್ನಡಕ್ಕೆ ಮಾಡಿ ಕೊಡುತ್ತೇನೆ, ನೀವು ಒಮ್ಮೆ ಸರಿ ಇದೆಯಾ ಅಂತ ನೋಡಿ. ಚಳಿಗಾಲ ಶುರುವಾಗುವ ಮೊದಲು ಆದರೆ ಒಳ್ಳೆಯದು.